ಅಂಚೆಯನ್ನೂ ಕೊಟ್ಟರು, ಬೇಹನ್ನೂ ಇಟ್ಟರು: ಚಿಕ್ಕದೇವರಾಜ ಒಡೆಯರ ಬದುಕು

ಗವಿಪುರಂ: ಅಗರಬತ್ತಿ ಆಗಲಿ, ಚಟ್ನಿಪುಡಿ ಆಗಲಿ, ಹಪ್ಪಳ-ಸಂಡಿಗೆ ಆಗಲಿ, ಈಗ ಗವಿಪುರಂ, ಹನುಮಂತನಗರ, ಚಾಮರಾಜಪೇಟೆ ಕಡೆಯ ಸಣ್ಣ ಅಂಗಡಿಯವರಿಗೂ ಕೊರಿಯರ್ ಇಲ್ಲದೆ ವ್ಯಾಪಾರ ನಡೆಯಲ್ಲ. ಮೊಬೈಲಿನಲ್ಲಿ ಆರ್ಡರ್ ಬರುತ್ತೆ, ಸಾಫ್ಟ್‌ವೇರ್ ಲೇಬಲ್ ತೆಗೆದುಕೊಡುತ್ತೆ, ಸಂಜೆ ಹುಡುಗ ಬಂದು ಪಾರ್ಸೆಲ್ ಎತ್ತಿಕೊಂಡು ಹೋಗ್ತಾನೆ. ಲೇಬಲ್ ಮೇಲೆ 560019 ಅಂತ ಪಿನ್‌ಕೋಡ್ ಇದ್ದರೆ ಸಾಕು, ದೇಶದ ಯಾವ ಮೂಲೆಯಿಂದ ಹೊರಟ ಸಾಮಾನೂ ಗವಿಪುರಂ ಬಡಾವಣೆಯ ದಾರಿ ಹಿಡಿಯುತ್ತೆ.

ಒಂದು ಕಡೆ ಕೊಟ್ಟಿದ್ದನ್ನು ಕೈಯಿಂದ ಕೈಗೆ ದಾಟಿಸಿ ಇನ್ನೊಂದು ಕಡೆ ತಲುಪಿಸುವ ಕೆಲಸಕ್ಕೆ ಮೈಸೂರು ಸೀಮೆಯಲ್ಲಿ ಮೊದಲು ಒಂದು ಕ್ರಮ ಹಾಕಿಕೊಟ್ಟವರು ಚಿಕ್ಕದೇವರಾಜ ಒಡೆಯರ್. ಅವರು ತೀರಿಕೊಂಡು 300 ವರ್ಷಕ್ಕೂ ಹೆಚ್ಚಾಯಿತು. ಅವರ ಕಾಲದ ಅಂಚೆ ಅನ್ನೋ ಹೆಸರು ಮಾತ್ರ ಇವತ್ತಿಗೂ ಪ್ರತಿ ಊರಿನ ಅಂಚೆ ಕಚೇರಿಯ ಬೋರ್ಡಿನ ಮೇಲಿದೆ. ಆ ಅಂಚೆ ಕಾಗದ ತಲುಪಿಸಿತು. ಕಾಗದದೊಳಗೆ ಏನಿದೆ ಅಂತ ನೋಡುವ ಕೆಲಸವನ್ನೂ ಮಾಡಿತು. ಪಾರ್ಸೆಲ್ ಕಳಿಸುವವರು ಈ ಎರಡನ್ನೂ ತಿಳಿದಿರಬೇಕು.

ಕಾವಲಿನಿಂದ ಗದ್ದುಗೆಗೆ

ಚಿಕ್ಕದೇವರಾಜರು ಹುಟ್ಟಿದ್ದು 1645ರಲ್ಲಿ. ರಾಜಮನೆತನದವರೇ ಆದರೂ ಹರೆಯದ ದಿನಗಳನ್ನು ಅರಮನೆಯ ವೈಭೋಗದಲ್ಲಿ ಕಳೆದವರಲ್ಲ. ಈಗಿನ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಒಂದು ರೀತಿಯ ಕಾವಲಿನಲ್ಲಿ ಇರಬೇಕಾಯಿತು. ಅಲ್ಲಿ ಅವರಿಗೆ ಜೊತೆಯಾದವರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ನೀವು ರಾಜರಾಗ್ತೀರಿ ಅಂತ ಪಂಡಿತರು ಹೇಳಿದ್ದರು, ಆದರೆ ನಿಮ್ಮನ್ನೇ ಮಂತ್ರಿ ಮಾಡ್ತೀನಿ ಅಂತ ಚಿಕ್ಕದೇವರಾಜರು ಮಾತು ಕೊಟ್ಟಿದ್ದರು ಅನ್ನೋ ಕಥೆ ಇದೆ.

1673ರಲ್ಲಿ ಸುಮಾರು 27ನೇ ವಯಸ್ಸಿಗೆ ಅವರು ಶ್ರೀರಂಗಪಟ್ಟಣದ ಗದ್ದುಗೆ ಏರಿದರು. ಮಾತಿನ ಹಾಗೆ ವಿಶಾಲಾಕ್ಷ ಪಂಡಿತರು ಮಂತ್ರಿಯಾದರು. ಆಗ ಮೈಸೂರಿನ ಸುತ್ತ ನೆಮ್ಮದಿ ಅನ್ನೋದು ಇರಲಿಲ್ಲ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಬಿಜಾಪುರ, ಹಿಂದೆಯೇ ಔರಂಗಜೇಬನ ಮೊಗಲ್ ಸೈನ್ಯ. ಇಂಥ ಹೊತ್ತಲ್ಲಿ ಗಡಿಯ ಸುದ್ದಿ ಒಂದು ದಿನ ತಡವಾದರೆ ಒಂದು ಕೋಟೆಯೇ ಕೈಬಿಟ್ಟು ಹೋಗುತ್ತಿತ್ತು.

ಕೈಯಿಂದ ಕೈಗೆ ಓಡಿದ ಚೀಲ

ಆ ಅಗತ್ಯದಿಂದ ಹುಟ್ಟಿದ್ದೇ ಮೈಸೂರು ಅಂಚೆ. ಇದು ಶುರುವಾಗಿದ್ದು 1670ರ ದಶಕದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಟಪಾಲು ಈ ಕಡೆ ಕಾಲಿಡುವುದಕ್ಕೂ ಎಷ್ಟೋ ಮೊದಲು.

ಕೆಲಸದ ಕ್ರಮ ಸರಳ. ಒಬ್ಬನೇ ಆಳು ಶ್ರೀರಂಗಪಟ್ಟಣದಿಂದ ಗಡಿಯ ತನಕ ಓಡಬೇಕಾಗಿಲ್ಲ. ದಾರಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಆಳು ಇಟ್ಟರೆ, ಒಬ್ಬ ತನ್ನ ಪಾಲಿನ ದೂರ ಓಡಿ ಚೀಲವನ್ನು ಮುಂದಿನವನ ಕೈಗೆ ಕೊಡ್ತಾನೆ. ಆಳು ಸುಸ್ತಾಗಬಹುದು, ಚೀಲ ನಿಲ್ಲಲ್ಲ. ಇವತ್ತು ಕೊರಿಯರ್ ಕಂಪನಿಗಳು ಮಾಡೋದೂ ಇದನ್ನೇ. ಗವಿಪುರಂನಲ್ಲಿ ಎತ್ತಿದ ಪಾರ್ಸೆಲ್ ಊರಾಚೆಯ ಹಬ್‌ಗೆ ಹೋಗುತ್ತೆ, ಅಲ್ಲಿ ಪಿನ್‌ಕೋಡ್ ಪ್ರಕಾರ ಬೇರೆ ಆಗುತ್ತೆ, ರಾತ್ರಿ ಲಾರಿ ಹತ್ತುತ್ತೆ, ಬೆಳಗ್ಗೆ ಇನ್ನೊಂದು ಊರಿನ ಹಬ್‌ನಲ್ಲಿ ಇಳಿಯುತ್ತೆ, ಕೊನೆಗೆ ಬೈಕಿನ ಹುಡುಗನ ಬೆನ್ನಿಗೆ ಬರುತ್ತೆ. ಕಾಲಿನ ಜಾಗಕ್ಕೆ ಗಾಲಿ ಬಂದಿದೆ. ಕೈ ಬದಲಾದ ಕಡೆಯಲ್ಲೆಲ್ಲ ಒಂದು ಲೆಕ್ಕ ಬರೆಯೋ ಕೆಲಸವನ್ನು ಈಗ ಸ್ಕ್ಯಾನರ್ ಮಾಡುತ್ತೆ, ಅದಕ್ಕೆ ಟ್ರ್ಯಾಕಿಂಗ್ ಅಂತೀವಿ.

ಹಳಗನ್ನಡದಲ್ಲಿ ಅಂಚೆ ಅಂದ್ರೆ ಹಂಸ. ಸಂದೇಶ ಒಯ್ಯೋ ಹಕ್ಕಿಯ ಹೆಸರನ್ನೇ ಟಪಾಲಿಗೂ ಇಟ್ಟಂತಿದೆ ಅಂತ ಜನ ಮೆಚ್ಚಿ ಹೇಳೋದುಂಟು.

ವ್ಯಾಪಾರಿಗಳಿಗೆ ಬೇಕಾದ ಇನ್ನೊಂದು ಕೆಲಸವನ್ನೂ ಚಿಕ್ಕದೇವರಾಜರು ಮಾಡಿದರು. ಊರಿಗೊಂದು, ಸಂತೆಗೊಂದು ಅನ್ನೋ ಹಾಗಿದ್ದ ತೂಕ ಮತ್ತು ಅಳತೆಗಳನ್ನು ಒಂದು ಕಟ್ಟಿಗೆ ತಂದರು. ತೂಕದ ಜಗಳ ಇವತ್ತಿಗೂ ಮುಗಿದಿಲ್ಲ ಅನ್ನೋದು ಕೊರಿಯರ್ ಬಿಲ್ ನೋಡಿದವರಿಗೆ ಗೊತ್ತು. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ತೂಕವನ್ನೇ ಬಹಳಷ್ಟು ಕಂಪನಿಗಳು ಹಿಡಿಯುತ್ತವೆ. 30 ಸೆಂ.ಮೀ. ಉದ್ದ, 20 ಅಗಲ, 25 ಎತ್ತರದ ಪೆಟ್ಟಿಗೆಯಲ್ಲಿ ಒಂದು ಕೆ.ಜಿ. ಹಪ್ಪಳ ಇಟ್ಟರೂ ಬಿಲ್ ಬರೋದು 3 ಕೆ.ಜಿ.ಗೆ. ಅಳತೆ ಒಂದೇ ಇರಬೇಕು ಅಂತ ರಾಜರ ಕಾಲದಲ್ಲಿ ಯಾಕೆ ಪಟ್ಟು ಹಿಡಿದರು ಅಂತ ಇಲ್ಲಿ ಅರ್ಥ ಆಗುತ್ತೆ.

ಮೂರು ಲಕ್ಷಕ್ಕೆ ಬಂದ ಬೆಂಗಳೂರು

ಕೆಂಪೇಗೌಡರು 1537ರಲ್ಲಿ ಕಟ್ಟಿದ ಬೆಂಗಳೂರು ಒಂದು ನೂರು ವರ್ಷ ಅವರ ವಂಶದವರ ಕೈಯಲ್ಲಿತ್ತು. 1638ರಲ್ಲಿ ಬಿಜಾಪುರದವರ ಪಾಲಾಯಿತು, ಅವರಿಂದ ಶಹಾಜಿಗೆ ಜಹಗೀರಾಗಿ ಹೋಯಿತು. ಆಮೇಲೆ ಶಹಾಜಿಯ ಮಗ ವೆಂಕೋಜಿಗೆ ಬಂತು. ತಂಜಾವೂರಿನಲ್ಲಿ ನೆಲೆ ನಿಂತ ವೆಂಕೋಜಿಗೆ ದೂರದ ಬೆಂಗಳೂರನ್ನು ಕಾಯೋದು ಭಾರವಾಯಿತು. ಮಾರಿಬಿಡೋಣ ಅಂತ ಮೈಸೂರಿನ ಜೊತೆ ಮಾತುಕತೆ ನಡೆಸಿದರು. ಬೆಲೆ ಮೂರು ಲಕ್ಷ.

ವ್ಯಾಪಾರ ಕುದುರುವ ಹೊತ್ತಿಗೆ 1687ರ ಜುಲೈನಲ್ಲಿ ಮೊಗಲ್ ಸೇನಾನಿ ಕಾಸಿಂ ಖಾನ್ ಬಂದು ಊರು ಹಿಡಿದೇ ಬಿಟ್ಟ. ಚಿಕ್ಕದೇವರಾಜರು ಕೈ ಚೆಲ್ಲಲಿಲ್ಲ. ಅದೇ ಹಣವನ್ನು ಮೊಗಲರಿಗೆ ಕೊಟ್ಟು ಬೆಂಗಳೂರನ್ನು ಪಡೆದರು. ಯುದ್ಧ ಮಾಡದೆ ಹಣ ಎಣಿಸಿ ಊರು ಕೊಂಡ ರಾಜ ಅಂತ ಅವರ ಹೆಸರು ನಿಂತಿದ್ದು ಹೀಗೆ.

ಗವಿಪುರಂ ಆಗ ಪೇಟೆಯ ಹೊರಗಿನ ಬಂಡೆ, ಗುಡ್ಡ, ಕೆರೆಗಳ ಜಾಗ. ಗವಿ ಗಂಗಾಧರೇಶ್ವರನ ಗುಹೆ, ಕೆಂಪಾಂಬುಧಿ ಕೆರೆ, ಅದರ ಬಳಿ ಕೆಂಪೇಗೌಡರ ಗಡಿ ಗೋಪುರ. ವ್ಯಾಪಾರವೆಲ್ಲ ಚಿಕ್ಕಪೇಟೆ, ದೊಡ್ಡಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ. ಪೇಟೆಯ ದಕ್ಷಿಣಕ್ಕೆ ಚಿಕ್ಕದೇವರಾಜರು ಕೋಟೆಯನ್ನು ಬೆಳೆಸಿದರು. ಅದರೊಳಗೆ 1689ರ ಸುಮಾರಿಗೆ ಕೋಟೆ ವೆಂಕಟರಮಣ ದೇವಸ್ಥಾನ ಎದ್ದಿತು. ಗವಿಪುರಂನಿಂದ ಕೆ.ಆರ್. ಮಾರ್ಕೆಟ್ ಕಡೆ ಹೋಗುವವರು ಈಗಲೂ ಟಿಪ್ಪು ಬೇಸಿಗೆ ಅರಮನೆಯ ಪಕ್ಕದಲ್ಲಿ ಅದನ್ನು ನೋಡಬಹುದು. ಬಾರಾಮಹಲ್ ಕಡೆಯಿಂದ ನೇಕಾರರನ್ನು ಕರೆಸಿ ಪೇಟೆಯಲ್ಲಿ ನೆಲೆ ನಿಲ್ಲಿಸಿದ್ದೂ ಇವರೇ ಅಂತ ಹೇಳ್ತಾರೆ. ಬೆಂಗಳೂರಿನ ಬಟ್ಟೆ ವ್ಯಾಪಾರಕ್ಕೆ ಅಲ್ಲಿಂದ ಬಲ ಬಂತು.

ಮರಕ್ಕೆ ನೇತುಹಾಕಿದ ನೇಗಿಲು

ಊರು ಕೊಳ್ಳೋದಕ್ಕೆ, ಸೈನ್ಯ ಸಾಕೋದಕ್ಕೆ ದುಡ್ಡು ಎಲ್ಲಿಂದ ಬಂತು? ರೈತರ ಮತ್ತು ವ್ಯಾಪಾರಿಗಳ ಗಂಟಿನಿಂದ. ಬೆಳೆಯಲ್ಲಿ ಆರರಲ್ಲಿ ಒಂದು ಪಾಲು ರಾಜನಿಗೆ ಅನ್ನೋದು ಹಳೇ ಪದ್ಧತಿ. ಅದನ್ನು ಮೀರಿದೆ ಅಂತ ಕಾಣಬಾರದು, ಆದರೆ ಬೊಕ್ಕಸವೂ ತುಂಬಬೇಕು. ಅದಕ್ಕೆ ಸಣ್ಣ ಸಣ್ಣ ತೆರಿಗೆಗಳ ಸಾಲೇ ಬಂತು. ಒಂದೊಂದೂ ನೋಡೋಕೆ ಚಿಕ್ಕದು, ಕೂಡಿಸಿದರೆ ದೊಡ್ಡದು.

ಜನ ಸುಮ್ಮನಿರಲಿಲ್ಲ. ಹಳ್ಳಿಗಳಲ್ಲಿ ಉಳುಮೆ ನಿಂತಿತು. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿ ಪ್ರತಿಭಟನೆ ಮಾಡಿದರು. ಇದರ ಮುಂದಾಳತ್ವ ಜಂಗಮರದ್ದು ಅಂತ ಅರಮನೆ ನಂಬಿತು. ನಂಜನಗೂಡಿಗೆ ಅವರನ್ನು ಕರೆಸಿ ಕೊಲ್ಲಿಸಲಾಯಿತು ಅಂತ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ನೂರು ವರ್ಷ ಕಳೆದ ಮೇಲೆ ತನ್ನ ಮೈಸೂರು ಇತಿಹಾಸದಲ್ಲಿ ಬರೆದ. ಆ ಕಥೆ ಇದ್ದ ಹಾಗೇ ನಡೆದಿದ್ದು ಅಂತ ಒಪ್ಪದ ಇತಿಹಾಸಕಾರರೂ ಇದ್ದಾರೆ. ಆದರೆ ರೈತರ ದಂಗೆ ಎದ್ದಿದ್ದು, ಅದನ್ನು ಬಲವಾಗಿ ತುಳಿದಿದ್ದು ಎರಡೂ ನಿಜ. ಹಂಗಳದ ದಿನಗಳಿಂದ ಜೊತೆಗಿದ್ದ ವಿಶಾಲಾಕ್ಷ ಪಂಡಿತರ ಕೊಲೆಯಾಯಿತು. ಅವರ ನಂತರ ತಿರುಮಲಾರ್ಯರು ಮಂತ್ರಿಯಾದರು.

ಇದೇ ರಾಜರು ಶ್ರೀರಂಗಪಟ್ಟಣದ ಸುತ್ತ ಕಾವೇರಿ ನೀರು ಹರಿಸಿದ ಚಿಕ್ಕದೇವರಾಜ ಸಾಗರ ನಾಲೆಯನ್ನೂ ತೋಡಿಸಿದರು. ಅದು ಇವತ್ತಿಗೂ ಗದ್ದೆಗೆ ನೀರು ಕೊಡ್ತಾ ಇದೆ. ಅವರ ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಹೊನ್ನಮ್ಮ ಹದಿಬದೆಯ ಧರ್ಮ ಬರೆದರು. ಸಿಂಗರಾರ್ಯರ ಮಿತ್ರವಿಂದಾ ಗೋವಿಂದ ಕನ್ನಡಕ್ಕೆ ಸಿಕ್ಕ ಮೊದಲ ನಾಟಕ. ನೀರು, ಸಾಹಿತ್ಯ, ತೆರಿಗೆ, ದಂಡನೆ ಎಲ್ಲವೂ ಒಬ್ಬರ ಆಳ್ವಿಕೆಯೊಳಗೇ ಇದ್ದವು.

ಬೇಹಿನ ಚಾವಡಿ

1699ರಲ್ಲಿ ಚಿಕ್ಕದೇವರಾಜರು ಔರಂಗಜೇಬನ ಬಳಿಗೆ ಕರಣಿಕ ಲಿಂಗಣ್ಣಯ್ಯನವರನ್ನು ರಾಯಭಾರಿಯಾಗಿ ಕಳಿಸಿದರು. ಆ ರಾಯಭಾರ ಮರಳಿ ಬಂದ ಮೇಲೆ ಆಡಳಿತವನ್ನು 18 ಚಾವಡಿಗಳಾಗಿ ಹಂಚಿದರು. ಜನರ ಬಾಯಲ್ಲಿ ಅದು ಅಠಾರ ಕಚೇರಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೈಕೋರ್ಟ್ ಕಟ್ಟಡಕ್ಕೆ ಅಠಾರ ಕಚೇರಿ ಅನ್ನೋ ಹೆಸರು ಬಂದಿದ್ದೂ ಹದಿನೆಂಟು ಇಲಾಖೆಗಳ ಲೆಕ್ಕದಿಂದಲೇ. ಸುಂಕಕ್ಕೆ ಒಂದು ಚಾವಡಿ, ದೇವಸ್ಥಾನಕ್ಕೆ ಒಂದು, ದನಕರುಗಳಿಗೆ ಬೆಣ್ಣೆ ಚಾವಡಿ. ಅಂಚೆ ಸೇರಿದ್ದು ಬೇಹಿನ ಚಾವಡಿಗೆ. ಬೇಹು ಅಂದ್ರೆ ಗೂಢಚರ್ಯೆ.

ಹೆಸರಿನಲ್ಲೇ ಎಲ್ಲ ಇದೆ. ವಿಲ್ಕ್ಸ್ ಬರೆದಿರುವ ಪ್ರಕಾರ ಅಂಚೆಯ ಮುಖ್ಯಸ್ಥರು ಅರಮನೆಯ ನಂಬಿಕೆಯ ಜನ. ಖಾಸಗಿ ಕಾಗದಗಳನ್ನು ಒಡೆದು ಓದುವ ಅಧಿಕಾರ ಅವರಿಗಿತ್ತು. ಕೆಳಗಿನ ಆಳುಗಳು ಊರೂರಿನ ಒಳಗುಟ್ಟನ್ನು ಬರೆದು ಕಳಿಸುತ್ತಿದ್ದರು. ವಿಲ್ಕ್ಸ್ ಕಂಪನಿಯ ಮನುಷ್ಯ, ದೇಶೀ ರಾಜರ ಬಗ್ಗೆ ಅವನ ಮಾತು ಖಾರ ಇರೋದು ಸಹಜ. ಆದರೂ ಅಂಚೆ ಮತ್ತು ಬೇಹು ಒಂದೇ ಚಾವಡಿಯಲ್ಲಿ ಕೂತಿದ್ದವು ಅನ್ನೋದನ್ನು ತಳ್ಳಿಹಾಕೋಕೆ ಆಗಲ್ಲ. ಯಾರು ಯಾರಿಗೆ ಬರೀತಾರೆ, ಯಾವ ಊರಲ್ಲಿ ಯಾರು ಸೇರ್ತಾರೆ, ಇದೆಲ್ಲ ಕಾಗದ ಹೊರುವವನಿಗೆ ಮೊದಲು ಗೊತ್ತಾಗುತ್ತೆ. ನೇಗಿಲು ನೇತುಹಾಕಿದ ಊರುಗಳನ್ನು ಕಂಡಿದ್ದ ಅರಮನೆಗೆ ಆ ತಿಳಿವಳಿಕೆ ಚಿನ್ನಕ್ಕಿಂತ ಹೆಚ್ಚು.

ರಾಜರು ಹೋದರು, ಅಂಚೆ ಉಳಿಯಿತು

1704ರ ನವೆಂಬರಿನಲ್ಲಿ ಚಿಕ್ಕದೇವರಾಜರು ತೀರಿಕೊಂಡರು. ತುಂಬಿದ ಬೊಕ್ಕಸ ಬಿಟ್ಟು ಹೋದರು, ನವಕೋಟಿ ನಾರಾಯಣ ಅನ್ನೋ ಬಿರುದು ಅದಕ್ಕೇ. ಅವರ ಹಿಂದೆ ಪಟ್ಟಕ್ಕೆ ಬಂದ ಮಗ ಕಂಠೀರವ ನರಸರಾಜರಿಗೆ ಮಾತು ಬರುತ್ತಿರಲಿಲ್ಲ, ಜನ ಮೂಕರಸು ಅಂದರು. ಅಧಿಕಾರ ಮೆಲ್ಲಗೆ ದಳವಾಯಿಗಳ ಕೈಗೆ ಜಾರಿತು.

ಅಂಚೆ ಮಾತ್ರ ನಿಲ್ಲಲಿಲ್ಲ. ಹೈದರ್, ಟಿಪ್ಪು, ಪೂರ್ಣಯ್ಯ, ಬ್ರಿಟಿಷ್ ಕಮಿಷನರುಗಳು ಎಲ್ಲರ ಕಾಲದಲ್ಲೂ ಓಡಿತು. ಕೊನೆಗೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1889ರಲ್ಲಿ, ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿತು. ಅಲ್ಲಿಗೆ ಇನ್ನೂರು ವರ್ಷ ದಾಟಿತ್ತು. ಮೂರು ವರ್ಷ ಬಿಟ್ಟು, 1892ರಲ್ಲಿ, ಗವಿಪುರಂ ಪಕ್ಕದ ಚಾಮರಾಜಪೇಟೆ ಬಡಾವಣೆ ಆಯಿತು. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ.

ಅಂಗಡಿಯವರಿಗೆ ಇದರಿಂದ ಏನು?

ತಲುಪಿಸುವವರ ಕೈಗೆ ಸಾಮಾನಿನ ಜೊತೆ ಮಾಹಿತಿಯೂ ಹೋಗುತ್ತೆ. ಚಿಕ್ಕದೇವರಾಜರ ಕಾಲದಲ್ಲಿ ಅದು ಅರಮನೆಗೆ ಹೋಯಿತು. ಈಗ ಪಾರ್ಸೆಲ್ ಸಾಫ್ಟ್‌ವೇರ್‌ಗೆ ಹೋಗುತ್ತೆ. ಗ್ರಾಹಕರ ಹೆಸರು, ಫೋನ್ ನಂಬರ್, ಮನೆ ವಿಳಾಸ, ಏನು ಕೊಂಡರು, ಎಷ್ಟಕ್ಕೆ ಕೊಂಡರು, ಎಷ್ಟು ಸಲ ವಾಪಸ್ ಕಳಿಸಿದರು, ಎಲ್ಲವೂ. ಒಂದು ಅಂಗಡಿಯ ವರ್ಷಗಳ ದುಡಿಮೆ ಅಂದ್ರೆ ಆ ಗ್ರಾಹಕರ ಪಟ್ಟಿಯೇ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಯನ್ನು ಬೇರೆ ಕಂಪನಿಯ ಕೈಗೆ ಕೊಟ್ಟು ಕೆಲಸ ಮಾಡಿಸಿದರೂ, ಗ್ರಾಹಕರಿಂದ ಅದನ್ನು ಪಡೆದವರ ಹೊಣೆ ತಪ್ಪಲ್ಲ. ಕಾಗದ ಒಡೆದು ನೋಡುವ ಅಧಿಕಾರ ಪೂರ್ತಿ ಹೋಗಿದೆ ಅಂತಲೂ ಅಲ್ಲ. 2023ರ ಅಂಚೆ ಕಚೇರಿ ಕಾಯ್ದೆಯಲ್ಲೂ ದೇಶದ ಭದ್ರತೆಯಂಥ ಕಾರಣಗಳಿಗೆ ಅಂಚೆಯನ್ನು ತಡೆದು, ತೆರೆದು ನೋಡಲು ಸರ್ಕಾರಕ್ಕೆ ಅವಕಾಶ ಇದೆ. ಅಂದಿಗೂ ಇಂದಿಗೂ ವ್ಯತ್ಯಾಸ ಏನಂದ್ರೆ, ಈಗ ಅದಕ್ಕೊಂದು ಕಾನೂನು ಇದೆ, ಕೋರ್ಟಿನಲ್ಲಿ ಪ್ರಶ್ನೆ ಕೇಳಬಹುದು.

ಹಾಗಾಗಿ ಹೊಸ ಶಿಪ್ಪಿಂಗ್ ಆ್ಯಪ್ ಹಾಕಿಕೊಳ್ಳುವಾಗ ಕೆ.ಜಿ.ಗೆ ಎಷ್ಟು ಅನ್ನೋ ಪ್ರಶ್ನೆಯ ಜೊತೆಗೆ ಇನ್ನೂ ಮೂರು ಕೇಳೋದು ಒಳ್ಳೇದು. ಗ್ರಾಹಕರ ಪಟ್ಟಿ ಯಾರ್ಯಾರಿಗೆ ಕಾಣುತ್ತೆ? ಲೇಬಲ್ ಮೇಲೆ ಫೋನ್ ನಂಬರ್ ಪೂರ್ತಿ ಅಚ್ಚಾಗುತ್ತಾ, ಇಲ್ಲಾ ಮರೆಮಾಚಬಹುದಾ? ಆ್ಯಪ್ ಬಿಟ್ಟರೆ ಹಳೇ ಮಾಹಿತಿ ಅಳಿಸ್ತಾರಾ? ಚಿಕ್ಕದೇವರಾಜರ ಅಂಚೆಗೆ ಕಾಗದ ಕೊಟ್ಟವರಿಗೆ ಇದನ್ನೆಲ್ಲ ಕೇಳೋ ದಾರಿ ಇರಲಿಲ್ಲ. ಇವತ್ತಿನ ಅಂಗಡಿಯವರಿಗೆ ಇದೆ.