ರೋಸಾ ಬೊನ್ಹರ್: ಪ್ರಾಣಿಗಳ ಅಂಗಾಂಗಗಳನ್ನು ಓದಿ ತಿಳಿದ ಚಿತ್ರಗಾರ್ತಿ

ಓಡುವ ಕುದುರೆಯನ್ನು ಕಾಣದವರು ನಮ್ಮಲ್ಲಿ ವಿರಳ. ಆದರೆ ಅದರ ನಾಲ್ಕು ಕಾಲುಗಳು ಯಾವ ಕ್ರಮದಿಂದ ಮೇಲೇಳುತ್ತವೆ, ಯಾವ ಕ್ರಮದಿಂದ ನೆಲವನ್ನು ಮುಟ್ಟುತ್ತವೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಇನ್ನೂ ವಿರಳ. ಕಣ್ಣಿಗೆ ಬೀಳುವುದು ಬೇರೆ, ನೋಡಿ ತಿಳಿಯುವುದು ಬೇರೆ. ಸೃಷ್ಟಿಕರ್ತನು ಪ್ರಾಣಿಗಳಿಗೆ ಕೊಟ್ಟ ಮೈಕಟ್ಟನ್ನೂ ಚಲನೆಯನ್ನೂ ಜೀವಮಾನವೆಲ್ಲ ಶ್ರದ್ಧೆಯಿಂದ ಅಭ್ಯಾಸಮಾಡಿ, ಆ ಜ್ಞಾನದ ಬಲದಿಂದಲೇ ಲೋಕವಿಖ್ಯಾತಳಾದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಲು ನಾವು ಬಯಸುತ್ತೇವೆ. ಆಕೆಯೇ ಫ್ರಾನ್ಸ್ ದೇಶದ ರೋಸಾ ಬೊನ್ಹರ್.

ರೋಸಾ 1822ನೆಯ ಇಸವಿ ಮಾರ್ಚ್ 16ರಂದು ಬೋರ್ಡೋ ನಗರದಲ್ಲಿ ಜನಿಸಿದಳು. ತಂದೆ ರೇಮಂಡನು ಚಿತ್ರಗಾರ. ಚಿತ್ರಕಲೆಯ ಪಾಠ ಹೇಳಿ ಜೀವಿಸುತ್ತಿದ್ದನು. ತಾಯಿ ಸೋಫಿಯು ಪಿಯಾನೋ ವಾದ್ಯವನ್ನು ಕಲಿಸುತ್ತಿದ್ದಳು. ಬಾಲಕಿಗೆ ಅಕ್ಷರಗಳೆಂದರೆ ಬೇಸರ. ಇದ್ದಲು ಹಿಡಿದು ಆಡು ಕುರಿಗಳನ್ನು ಬರೆಯುವುದೆಂದರೆ ಆನಂದ. ವಿವೇಕಿಯಾದ ತಾಯಿಯು ಮಗಳನ್ನು ಗದರಿಸಲಿಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಾಣಿಯ ಹೆಸರನ್ನು ಹೇಳಿ, ಆ ಪ್ರಾಣಿಯ ಚಿತ್ರವನ್ನು ಅಕ್ಷರದ ಪಕ್ಕದಲ್ಲಿ ಬರೆಯಿಸಿದಳು. ಹೀಗೆ ಮಗಳು ಓದು ಬರಹವನ್ನು ಕಲಿತಳು.

1829ರಲ್ಲಿ ಕುಟುಂಬವು ಪ್ಯಾರಿಸ್ ನಗರಕ್ಕೆ ಬಂದು ನೆಲಸಿತು. ತಂದೆಯು ಸಾಂ-ಸಿಮೋನನ ಮತವನ್ನು ಅನುಸರಿಸುವವನಾಗಿದ್ದನು. ಸ್ತ್ರೀಪುರುಷರು ಸಮಾನರೆಂಬುದು ಆ ಪಂಗಡದವರ ಬೋಧನೆ. ಆದರೆ ಅದೇ ಪಂಗಡದವರೊಡನೆ ವಾಸಿಸಲು ಅವನು ಸ್ವಲ್ಪ ಕಾಲ ಮನೆಯನ್ನೇ ಬಿಟ್ಟುಹೋದುದರಿಂದ, ನಾಲ್ವರು ಮಕ್ಕಳ ಪೋಷಣೆಯ ಭಾರವೆಲ್ಲ ತಾಯಿಯ ಮೇಲೆ ಬಿತ್ತು. ಹಗಲು ವಾದ್ಯದ ಪಾಠ, ರಾತ್ರಿ ಹೊಲಿಗೆ. ಹೀಗೆ ದುಡಿದು ಬಳಲಿ ಆಕೆಯು 1833ರಲ್ಲಿ ತೀರಿಕೊಂಡಳು. ಸಮಾಧಿಗೆ ಸ್ಥಳ ಕೊಳ್ಳಲೂ ಹಣವಿಲ್ಲದೆ ಬಡವರ ಸಾಮಾನ್ಯ ಗುಂಡಿಯಲ್ಲಿ ಆಕೆಯನ್ನು ಹೂಳಬೇಕಾಯಿತು. ಆಗ ರೋಸಾಳಿಗೆ ಹನ್ನೊಂದು ವಯಸ್ಸು. ಈ ದುಃಖವನ್ನು ಆಕೆಯು ಎಂದೂ ಮರೆಯಲಿಲ್ಲ.

ತಾಯಿಯಿಲ್ಲದ ಬಾಲಕಿಯನ್ನು ಹೊಲಿಗೆ ಕೆಲಸ ಕಲಿಯಲು ಕಳುಹಿಸಿದರು. ಸೂಜಿಯು ಆಕೆಯ ಕೈಗೆ ಒಗ್ಗಲಿಲ್ಲ. ವಸತಿಶಾಲೆಗೆ ಸೇರಿಸಿದರು, ಅಲ್ಲಿಯ ಶಿಸ್ತಿಗೆ ಆಕೆ ಒಗ್ಗಲಿಲ್ಲ. ಕೊನೆಗೆ ತಂದೆಯು ತನ್ನ ಚಿತ್ರಶಾಲೆಯಲ್ಲಿಯೇ ಆಕೆಗೆ ಪಾಠ ಹೇಳತೊಡಗಿದನು. ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ ಆಕೆಯು ಲೂವ್ರ್ ಚಿತ್ರಮಂದಿರದಲ್ಲಿ ಕುಳಿತು ಪೂರ್ವಿಕ ಚಿತ್ರಗಾರರ ಕೃತಿಗಳನ್ನು ನಕಲುಮಾಡುತ್ತಿದ್ದಳು. 1841ರಲ್ಲಿ, ಇನ್ನೂ ಹತ್ತೊಂಬತ್ತರ ಪ್ರಾಯದಲ್ಲಿ, ಪ್ಯಾರಿಸಿನ ಮಹಾ ಚಿತ್ರಪ್ರದರ್ಶನದಲ್ಲಿ ಆಕೆಯ ಚಿತ್ರಗಳಿಗೆ ಸ್ಥಳ ದೊರೆಯಿತು.

ಆದರೆ ನಕಲುಮಾಡುವುದರಿಂದ ಜೀವಂತ ಪ್ರಾಣಿಯು ಕೈಗೆ ಸಿಕ್ಕುವುದಿಲ್ಲವೆಂಬುದನ್ನು ಆಕೆಯು ಬೇಗನೆ ಅರಿತಳು. ಚರ್ಮದ ಕೆಳಗೆ ಸ್ನಾಯುವುಂಟು, ಸ್ನಾಯುವಿನ ಕೆಳಗೆ ಮೂಳೆಯುಂಟು. ಅವು ಹೇಗೆ ಹೊಂದಿಕೊಂಡಿವೆಯೆಂಬುದನ್ನು ತಿಳಿಯದವನು ಮೇಲಿನ ರೂಪವನ್ನು ಸರಿಯಾಗಿ ಬರೆಯಲಾರನು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಈ ವಿದ್ಯೆಯನ್ನು ಕಲಿಸುವವರು ಬಹಳ ಕಡಮೆ. ಪ್ಯಾರಿಸಿನ ಸರಕಾರೀ ಲಲಿತಕಲಾ ಶಾಲೆಯು 1897ರ ವರೆಗೆ ಸ್ತ್ರೀಯರಿಗೆ ಬಾಗಿಲನ್ನೇ ತೆರೆಯಲಿಲ್ಲ. ಆದುದರಿಂದ ರೋಸಾ ತನ್ನ ಶಾಲೆಯನ್ನು ತಾನೇ ಹುಡುಕಿಕೊಂಡಳು. ರೂಲ್ ಎಂಬಲ್ಲಿದ್ದ ಕಸಾಯಿಖಾನೆಗೆ ಹೋಗಿ, ರಕ್ತದ ವಾಸನೆಯನ್ನೂ ಕಟುಕರ ಒರಟುತನವನ್ನೂ ಸಹಿಸಿಕೊಂಡು ಚಿತ್ರ ಬರೆದಳು. ಆಲ್ಫೋರಿನ ಪಶುವೈದ್ಯ ಶಾಲೆಯಲ್ಲಿ ಪ್ರಾಣಿಗಳ ಅಂಗಚ್ಛೇದವನ್ನು ಅಭ್ಯಾಸಮಾಡಿದಳು.

ಈ ಅಭ್ಯಾಸದಿಂದ ಏನು ತಿಳಿಯುತ್ತದೆಂಬುದಕ್ಕೆ ಒಂದೆರಡು ಉದಾಹರಣೆಗಳನ್ನು ಕೊಡುತ್ತೇವೆ. ಕುದುರೆಯ ಹಿಂಗಾಲಿನಲ್ಲಿ ಮೊಣಕಾಲು ಹಿಂದಕ್ಕೆ ಬಾಗಿದಂತೆ ತೋರುವ ಕೀಲು ನಿಜವಾಗಿ ಮೊಣಕಾಲಲ್ಲ. ಅದು ನಮ್ಮ ಹಿಮ್ಮಡಿಗೆ ಸಮನಾದುದು. ಅದರ ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಮುಂಗಾಲಿನಲ್ಲಿ ನಾವು ಮೊಣಕಾಲೆನ್ನುವುದು ನಮ್ಮ ಮಣಿಕಟ್ಟಿಗೆ ಸಮನು. ಗೊರಸು ಎಂಬುದು ನಡುಬೆರಳಿನ ಉಗುರು. ಎಂದರೆ ಅಷ್ಟು ದೊಡ್ಡ ಪ್ರಾಣಿಯು ಒಂದೊಂದು ಬೆರಳಿನ ತುದಿಯ ಮೇಲೆ ನಿಂತಿದೆ. ಎತ್ತಿನ ಸೀಳುಗೊರಸು ಎರಡು ಬೆರಳುಗಳ ಉಗುರುಗಳು. ಮನುಷ್ಯನಿಗಿರುವ ಕೊರಳೆಲುಬು ಕುದುರೆಗಿಲ್ಲ. ಅದರ ಮುಂಗಾಲುಗಳು ಮೈಗೆ ಸ್ನಾಯುಗಳಿಂದಲೇ ಬಿಗಿಯಲ್ಪಟ್ಟಿವೆ. ಆದುದರಿಂದಲೇ ಅದು ಓಡುವಾಗ ಭುಜವು ಅಷ್ಟು ಸಲೀಸಾಗಿ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಮನುಷ್ಯನಲ್ಲಿಯೂ ಪಶುವಿನಲ್ಲಿಯೂ ಒಂದೇ ಬಗೆಯ ಮೂಳೆಗಳನ್ನು ಬೇರೆ ಬೇರೆ ಕೆಲಸಗಳಿಗೆ ತಕ್ಕಂತೆ ಉದ್ದಮಾಡಿ, ಗಿಡ್ಡಮಾಡಿ ಜೋಡಿಸಿರುವ ಈ ಚಾತುರ್ಯವನ್ನು ಕಂಡವರು ಬೆರಗಾಗದೆ ಇರಲಾರರು.

1848ರಲ್ಲಿ ರೋಸಾಳಿಗೆ ಪ್ರದರ್ಶನದ ಸುವರ್ಣಪದಕವು ದೊರೆಯಿತು. ಸರಕಾರದವರು 3,000 ಫ್ರಾಂಕುಗಳಿಗೆ ಒಂದು ಚಿತ್ರವನ್ನು ಬರೆದುಕೊಡುವಂತೆ ಕೇಳಿಕೊಂಡರು. ನಿವರ್ನೇ ಸೀಮೆಯ ಉಳುಮೆಯನ್ನು ತೋರಿಸುವ ಆ ಚಿತ್ರವು 1849ರಲ್ಲಿ ಮುಗಿಯಿತು. ಎರಡು ಸಾಲಾಗಿ ಕಟ್ಟಿದ ಎತ್ತುಗಳು ಭಾರವಾದ ಮಣ್ಣನ್ನು ಸೀಳುತ್ತ ನಡೆಯುತ್ತವೆ. ಒಂದೊಂದು ಎತ್ತಿನ ತೊಡೆಯಲ್ಲಿಯೂ ಎಳೆತದ ಶ್ರಮವು ಕಾಣುತ್ತದೆ. ಉಳುವವನಿಗಿಂತ ಎತ್ತುಗಳೇ ಆ ಚಿತ್ರದ ನಾಯಕರು. ಅದೇ ವರ್ಷ ತಂದೆಯು ತೀರಿಕೊಂಡನು. ಅವನು ನಡೆಯಿಸುತ್ತಿದ್ದ ಬಾಲಿಕೆಯರ ಉಚಿತ ಚಿತ್ರಕಲಾ ಶಾಲೆಯ ಆಡಳಿತವನ್ನು ರೋಸಾ ವಹಿಸಿಕೊಂಡು 1860ರ ವರೆಗೆ ನಡೆಯಿಸಿದಳು. ಇಷ್ಟು ಹೆಸರು ಪಡೆದ ಚಿತ್ರಗಾರ್ತಿಯು ಉಪಾಧ್ಯಾಯಿನಿಯೂ ಆಗಿದ್ದಳೆಂಬುದನ್ನು ನಮ್ಮ ವಾಚಕರು ಸಂತೋಷದಿಂದ ಗಮನಿಸುವರೆಂದು ನಂಬುತ್ತೇವೆ.

ಆಕೆಯ ಅತ್ಯಂತ ಪ್ರಸಿದ್ಧ ಕೃತಿಯು ಕುದುರೆಸಂತೆಯ ಚಿತ್ರ. ಅದರ ಉದ್ದವು ಸುಮಾರು ಐದು ಮೀಟರು, ಎತ್ತರವು ಸುಮಾರು ಎರಡೂವರೆ ಮೀಟರು. ಪ್ಯಾರಿಸಿನ ಕುದುರೆಸಂತೆಗೆ ಆಕೆಯು ಒಂದೂವರೆ ವರ್ಷ, ವಾರಕ್ಕೆ ಎರಡು ಸಲ ಹೋಗಿ, ಕುದುರೆಗಳು ನಡೆಯುವುದನ್ನೂ ಹಿಂಗಾಲ ಮೇಲೆ ನಿಲ್ಲುವುದನ್ನೂ ಕಾಗದದ ಮೇಲೆ ಇಳಿಸಿಕೊಂಡಳು. ದಲ್ಲಾಳಿಗಳ ಗುಂಪಿನಲ್ಲಿ ನಿಲುವಂಗಿ ತೊಟ್ಟ ಹೆಂಗಸು ಕುಳಿತು ಕೆಲಸಮಾಡುವುದು ಸಾಧ್ಯವಿರಲಿಲ್ಲ; ಆದುದರಿಂದ ಗಂಡಸಿನ ಉಡುಪನ್ನು ಧರಿಸಿದಳು. ಅದಕ್ಕೆ ಆ ನಗರದಲ್ಲಿ ಆಗ ಪೋಲೀಸರ ಅಪ್ಪಣೆ ಬೇಕಾಗಿತ್ತು. ಆರು ತಿಂಗಳ ಅವಧಿಗೆ ಆಕೆಗೆ ಕೊಟ್ಟ 1857ರ ಅಪ್ಪಣೆ ಪತ್ರವೊಂದು ಇಂದಿಗೂ ಉಳಿದಿದೆ. ವಿನೋದಕ್ಕಾಗಿಯಲ್ಲ, ವಿದ್ಯೆಗಾಗಿ ಆಕೆಯು ಈ ಕಷ್ಟವನ್ನು ಕೈಕೊಂಡಳು.

ಆ ಚಿತ್ರವು 1853ರಲ್ಲಿ ಪ್ರದರ್ಶಿತವಾಯಿತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಅದನ್ನು ನೋಡಿದಳು. 1887ರಿಂದ ಅದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಕುದುರೆಯ ಚಲನೆಯನ್ನು ಛಾಯಾಚಿತ್ರಗಳ ಸಾಲಿನಿಂದ ಮೈಬ್ರಿಜ್ ಎಂಬವನು ಅಮೇರಿಕದಲ್ಲಿ ತೋರಿಸಿಕೊಟ್ಟದ್ದು 1878ರಲ್ಲಿ. ದೌಡಿನಲ್ಲಿ ನಾಲ್ಕು ಕಾಲುಗಳೂ ನೆಲ ಬಿಟ್ಟಿರುವ ಕ್ಷಣದಲ್ಲಿ ಅವು ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುತ್ತವೆಯೇ ಹೊರತು, ಚಿತ್ರಗಾರರು ಬರೆಯುತ್ತಿದ್ದಂತೆ ಹಿಂದಕ್ಕೂ ಮುಂದಕ್ಕೂ ಚಾಚಿರುವುದಿಲ್ಲವೆಂದು ಆಗ ಸ್ಪಷ್ಟವಾಯಿತು. ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ, ಯಂತ್ರದ ಸಹಾಯವಿಲ್ಲದೆ, ಕೇವಲ ಕಣ್ಣಿನ ತಾಳ್ಮೆಯಿಂದ ರೋಸಾ ಅಶ್ವಗಳ ನಡಗೆಯನ್ನು ಹಿಡಿದಿಟ್ಟಿದ್ದಳು.

ಮುಂದೆ ಆಕೆಯು ಫಾಂಟೆನ್‌ಬ್ಲೋ ಅರಣ್ಯದ ಬಳಿ, ಬೀ ಎಂಬ ಗ್ರಾಮದಲ್ಲಿ ಮನೆಯನ್ನು ಕೊಂಡು, ಬಾಲ್ಯದ ಗೆಳತಿ ನತಾಲೀ ಮಿಕಾಸಳೊಡನೆ ವಾಸಿಸಿದಳು. ಕುರಿ, ಕುದುರೆ, ಜಿಂಕೆಗಳಲ್ಲದೆ ಸಿಂಹಗಳನ್ನು ಕೂಡ ಅಲ್ಲಿ ಸಾಕಿ ಅಭ್ಯಾಸಮಾಡಿದಳು. 1865ರ ಜೂನ್ ತಿಂಗಳಲ್ಲಿ ಚಕ್ರವರ್ತಿನಿ ಯೂಜೆನಿಯು ತಾನೇ ಆ ಮನೆಗೆ ಬಂದು, ಲೀಜನ್ ಆಫ್ ಆನರ್ ಪದಕವನ್ನು ಆಕೆಗೆ ತೊಡಿಸಿದಳು. ಆ ಗೌರವವು ಚಿತ್ರಗಾರ್ತಿಯೊಬ್ಬಳಿಗೆ ಸಂದದ್ದು ಅದೇ ಮೊದಲು. 1899ರ ಮೇ 25ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ರೋಸಾ ಬೊನ್ಹರ್ ಪರಲೋಕವನ್ನೈದಿದಳು.

ಈ ಚರಿತ್ರೆಯಲ್ಲಿ ತಾಯಿತಂದೆಗಳಿಗೆ ಒಂದು ಬುದ್ಧಿಯುಂಟು. ಪುಸ್ತಕಕ್ಕೆ ಒಲಿಯದ ಮಗಳು ಮಂದಮತಿಯೆಂದು ನಿರ್ಣಯಿಸಲು ಅವಸರಪಡಬಾರದು. ಅವಳ ಮನಸ್ಸು ಯಾವ ಬಾಗಿಲಿನಿಂದ ಒಳಗೆ ಬರಬಹುದೆಂದು ಸೋಫಿಯಂತೆ ಹುಡುಕಬೇಕು. ಶರೀರಶಾಸ್ತ್ರವು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಹಿಂಜರಿಯುವ ಮನೆಗಳು ಇನ್ನೂ ಇದ್ದರೆ, ಅವರು ಕಸಾಯಿಖಾನೆಯ ಮೂಲೆಯಲ್ಲಿ ಕುಳಿತು ಕಲಿತ ಈ ಬಾಲಿಕೆಯನ್ನು ಸ್ಮರಿಸಲಿ. ಇಂದು ನಮ್ಮ ಬಾಲಿಕೆಯರಿಗೆ ವಿಜ್ಞಾನದ ಕೊಠಡಿಗಳು ತೆರೆದಿವೆ. ಅಪ್ಪಣೆ ಪತ್ರವೂ ಬೇಡ, ಮಾರುವೇಷವೂ ಬೇಡ. ಈ ಶಾಲೆಯಿಂದ ಹೊರಟು ವೈದ್ಯರಾಗಿ, ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ತಾಯಂದಿರಾಗಿ ಸೇವೆಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ತೆರೆದ ಆ ಬಾಗಿಲುಗಳನ್ನು ತಮ್ಮ ಹೆಣ್ಣುಮಕ್ಕಳಿಗೆ ತೋರಿಸಿಕೊಡಲೆಂಬುದೇ ನಮ್ಮ ಹಾರೈಕೆ.