ಹ್ಯಾಂಡಲಿನ ಹಂಗು ಕಳೆದವನು

ಕೀಲಿಕೈ ತಿರುವಿದೊಡನೆ ಕಾರಿನ ಎಂಜಿನ್ನು ಎಚ್ಚರಗೊಳ್ಳುವುದು ನಮಗಿಂದು ಸಹಜವೆನಿಸಿದೆ. 1910ರ ಸುಮಾರಿನಲ್ಲಿ ಹಾಗಿರಲಿಲ್ಲ. ಕಾರಿನ ಮುಂದೆ ನಿಂತು, ಕಬ್ಬಿಣದ ಹ್ಯಾಂಡಲನ್ನು ಸಿಕ್ಕಿಸಿ, ಮೈ ಬಗ್ಗಿಸಿ, ರಟ್ಟೆಯ ಬಲದಿಂದ ಎಂಜಿನ್ನನ್ನು ಸುತ್ತಿಸಬೇಕಾಗಿತ್ತು. ಕಿಡಿ ಹೊತ್ತಿಗೆ ಮುನ್ನವೇ ಹಾರಿತೆಂದರೆ ಹ್ಯಾಂಡಲು ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿಯುವುದು ಅಪರೂಪದ ಸಂಗತಿಯಾಗಿರಲಿಲ್ಲ. ನಮ್ಮ ನಾಡಿನ ಹಳೆಯ ಲಾರಿಗಳ ಕ್ಲೀನರುಗಳೂ ಹ್ಯಾಂಡಲ್ ಹೊಡೆಯುವ ಕಷ್ಟವನ್ನು ಉಂಡವರೇ. ಈ ಕಷ್ಟಕ್ಕೆ ಕೊನೆಗಾಣಿಸಿದವನು ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್.

ಆತನು ಜನಿಸಿದುದು 1876ರ ಆಗಸ್ಟ್ 29ರಂದು, ಓಹಾಯೋ ಸಂಸ್ಥಾನದ ಒಂದು ಒಕ್ಕಲು ಮನೆತನದಲ್ಲಿ. ಹುಟ್ಟಿನಿಂದಲೂ ಬಾಧಿಸಿದುದು ದೃಷ್ಟಿಮಾಂದ್ಯ. ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಬಳಿಕ ವಿಶ್ವವಿದ್ಯಾನಿಲಯವನ್ನು ಸೇರಿದನು. ಕಣ್ಣುನೋವಿನಿಂದ ಓದನ್ನು ನಿಲ್ಲಿಸಬೇಕಾಗಿ ಬಂದಾಗ ದೂರವಾಣಿಯ ಕಂಬ ನೆಡುವವರ ತಂಡದಲ್ಲಿ ದುಡಿದನು. ಮರಳಿ ಹೋಗಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದುದು 1904ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿಗೆ. ತಡವಾಗಿ ತೇರ್ಗಡೆಯಾಗುವ ವಿದ್ಯಾರ್ಥಿಗಳನ್ನು ವರುಷವರುಷವೂ ಕಾಣುವ ನನ್ನಂಥ ಅಧ್ಯಾಪಕನಿಗೆ ಆತನ ಬಾಳಿನ ಈ ಭಾಗ ಬಲು ಆಪ್ತವಾದುದು.

ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಆತನಿಗೆ ಉದ್ಯೋಗ ದೊರೆಯಿತು. ಅಂಗಡಿಯ ಹಣದ ಯಂತ್ರವನ್ನು ಕೈಯಿಂದ ತಿರುಗಿಸುವ ಬದಲು ಪುಟ್ಟ ವಿದ್ಯುತ್ ಮೋಟಾರಿನಿಂದ ನಡೆಸುವ ಉಪಾಯವನ್ನು ಆತನು ಅಲ್ಲಿ ಕಂಡುಹಿಡಿದನು. ಆ ಮೋಟಾರು ಎಡೆಬಿಡದೆ ದುಡಿಯಬೇಕಿರಲಿಲ್ಲ; ಒಂದೆರಡು ಕ್ಷಣ ಬಲವಾಗಿ ತಿರುಗಿ ನಿಂತರೆ ಸಾಕಿತ್ತು. ನೋಡಲು ಅಲ್ಪವಾದ ಈ ತಿಳಿವೇ ಮುಂದಿನದಕ್ಕೆಲ್ಲ ಬೀಜವಾಯಿತು.

ಕ್ಯಾಡಿಲಾಕ್ ಕಾರುಗಳ ಒಡೆಯ ಹೆನ್ರಿ ಲೀಲೆಂಡನ ಗೆಳೆಯ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡನು. ಕೆಟ್ಟು ನಿಂತ ಕಾರಿನ ಹೆಂಗಸೊಬ್ಬಳಿಗೆ ನೆರವಾಗಲು ಹೋಗಿ ಹ್ಯಾಂಡಲಿನ ಪೆಟ್ಟು ತಿಂದುದೇ ಆ ಸಾವಿಗೆ ಮೂಲವೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಹ್ಯಾಂಡಲನ್ನು ತೊಲಗಿಸಲೇಬೇಕೆಂದು ಲೀಲೆಂಡ್ ಪಣತೊಟ್ಟನು. ಸುರುಳಿ ಸ್ಪ್ರಿಂಗು, ಅದುಮಿದ ಗಾಳಿ, ಅಸಿಟಲೀನ್ ಅನಿಲ, ಎಲ್ಲವನ್ನೂ ಜನ ಆಗಲೇ ಪ್ರಯೋಗಿಸಿ ನೋಡಿದ್ದರು. ವಿದ್ಯುತ್ ಮೋಟಾರಾದರೆ ಅದು ಎಂಜಿನ್ನಿನಷ್ಟೇ ದೊಡ್ಡದಾದೀತೆಂದು ಬಲ್ಲವರು ತಲೆಯಾಡಿಸಿದರು. ಕೆಟರಿಂಗನಿಗಾದರೋ ಹಣದ ಯಂತ್ರದ ನೆನಪಿತ್ತು. ಎಂಜಿನ್ನನ್ನು ದಿನವಿಡೀ ತಿರುಗಿಸುವವರಾರು? ಎಬ್ಬಿಸಿದರೆ ಸಾಕಲ್ಲ! ಎಡ್ವರ್ಡ್ ಡೀಡ್ಸ್ ಎಂಬ ಮಿತ್ರನ ಕೊಟ್ಟಿಗೆಯಲ್ಲಿ ಸಂಗಡಿಗರೊಡನೆ ಇರುಳೆಲ್ಲ ದುಡಿದು, ಹಲ್ಲುಚಕ್ರಗಳ ಮೂಲಕ ಎಂಜಿನ್ನನ್ನು ತಿರುಗಿಸುವ ಮೋಟಾರನ್ನು ಸಿದ್ಧಪಡಿಸಿದನು. ಎಂಜಿನ್ನು ಎದ್ದ ಮೇಲೆ ಅದೇ ಮೋಟಾರು ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತಿತ್ತು. ದೀಪಗಳಿಗೂ ಕಿಡಿಗೂ ಅಲ್ಲಿಂದಲೇ ಪೂರೈಕೆ. 1912ರ ಕ್ಯಾಡಿಲಾಕ್ ಕಾರುಗಳು ಈ ಸಜ್ಜಿನೊಡನೆ ಮಾರುಕಟ್ಟೆಗೆ ಬಂದವು.

ಇದರಲ್ಲೊಂದು ವಿಪರ್ಯಾಸವುಂಟು. ಬ್ಯಾಟರಿಯಿಂದಲೇ ಓಡುವ ಕಾರುಗಳು ಅಂದಿನ ಅಮೆರಿಕೆಯ ನಗರಗಳಲ್ಲಿ ಸಾಕಷ್ಟಿದ್ದವು. ಹ್ಯಾಂಡಲಿನ ಗೊಡವೆಯಿಲ್ಲದ ಕಾರಣ ಹೆಂಗಸರಿಗೆ ಅವು ಮೆಚ್ಚಾಗಿದ್ದವು. ಹೆನ್ರಿ ಫೋರ್ಡನ ಮಡದಿಯೇ ಅಂಥದೊಂದನ್ನು ನಡೆಸುತ್ತಿದ್ದಳು. ಪೆಟ್ರೋಲ್ ಕಾರಿನೊಳಗೆ ಹೊಕ್ಕ ಪುಟ್ಟ ವಿದ್ಯುತ್ ಮೋಟಾರು ವಿದ್ಯುತ್ ಕಾರಿನ ಆ ಹೆಚ್ಚಳವನ್ನೇ ಕಸಿದುಕೊಂಡಿತು. ಪೆಟ್ರೋಲಿನ ಅಗ್ಗವೂ ಫೋರ್ಡನ ಅಗ್ಗದ ಕಾರೂ ಜತೆಗೂಡಿ, ಕೆಲವೇ ವರುಷಗಳಲ್ಲಿ ವಿದ್ಯುತ್ ಕಾರು ಬೀದಿಯಿಂದ ಮರೆಯಾಗತೊಡಗಿತು.

ಕೆಟರಿಂಗನು ಮುಂದೆ ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನೆಗೆ 1947ರವರೆಗೂ ಮುಖ್ಯಸ್ಥನಾಗಿದ್ದನು. ಅಲ್ಲಿಯದೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಚರಿತ್ರೆ ಬರಿಯ ಹೊಗಳಿಕೆಯಾದೀತು. ಆತನ ಕೈಕೆಳಗಿನ ಥಾಮಸ್ ಮಿಜ್ಲಿ 1921ರಲ್ಲಿ, ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಕುಟ್ಟುವಿಕೆ ಅಡಗುವುದೆಂದು ಕಂಡುಕೊಂಡನು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರು. ಸೀಸ ವಿಷವೆಂಬುದು ಯಾರಿಗೂ ಹೊಸ ಮಾತಾಗಿರಲಿಲ್ಲ. ಆದರೂ ಕೆಟರಿಂಗನು ಅದರ ಕೈಬಿಡಲಿಲ್ಲ. ಮಣಿಕಟ್ಟಿನ ನೋವನ್ನು ಅಷ್ಟು ಚೆನ್ನಾಗಿ ಅರಿತವನು ಉಸಿರಿನ ಕೇಡನ್ನು ಹೇಗೆ ಕಡೆಗಣಿಸಿದನೋ! ಸೀಸ ಬೆರೆತ ಪೆಟ್ರೋಲು ಭಾರತದಲ್ಲಿ ನಿಂತುದು 2000ದಲ್ಲಿ. ಲೋಕದ ಬೀದಿಗಳಿಂದ ಪೂರ್ಣವಾಗಿ ತೊಲಗಿದುದು 2021ರಲ್ಲಿ, ಕಡೆಯದಾಗಿ ಅಲ್ಜೀರಿಯದಲ್ಲಿ.

ಅದನ್ನು ಕಾಣಲು ಆತನಿರಲಿಲ್ಲ. 180ಕ್ಕೂ ಮಿಕ್ಕ ಪೇಟೆಂಟುಗಳ ಒಡೆಯನಾಗಿ, 1958ರ ನವೆಂಬರ್ 25ರಂದು, ಕೊಟ್ಟಿಗೆಯಲ್ಲಿ ಇರುಳುಗಳನ್ನು ಕಳೆದಿದ್ದ ಆ ಡೇಟನ್‌ನಲ್ಲಿಯೇ ಆತನು ಕಣ್ಮುಚ್ಚಿದನು.