ಯಾತ್ರಿಕ ಹ್ಯುಯೆನ್ ತ್ಸಾಂಗ

ಇಮ್ಮಡಿ ಪುಲಕೇಶಿಯ ಹೆಸರನ್ನು ಕನ್ನಡಿಗರು ಅಭಿಮಾನದಿಂದ ಉಚ್ಚರಿಸುತ್ತಾರೆ. ಆದರೆ ಆ ಅರಸನ ಪ್ರಜೆಗಳು ಎಂಥವರಾಗಿದ್ದರೆಂಬುದನ್ನು ಬರೆದಿಟ್ಟ ಪರದೇಶಿಯನ್ನು ನೆನೆಯುವವರು ವಿರಳ. ಆತನು ಚೀನದ ಬೌದ್ಧಭಿಕ್ಷು ಹ್ಯುಯೆನ್ ತ್ಸಾಂಗ. ಶಾಲೆಯ ಪುಸ್ತಕಗಳಲ್ಲಿ ಆತನು ಹರ್ಷನ ಆಸ್ಥಾನಕ್ಕೆ ಬಂದ ಪ್ರವಾಸಿಯೆಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಾನೆ. ಒಂದು ಜನಾಂಗವು ಇನ್ನೊಂದನ್ನು ಅರಿಯುವ ಬಗೆ ಯಾವುದೆಂದು ಕೇಳುವವರು ಆತನ ಬಾಳನ್ನು ಇಷ್ಟು ಬೇಗನೆ ದಾಟಿ ಹೋಗಲಾಗದು.

ಕ್ರಿ. ಶ. 602ರಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿಯೇ ಮಠವನ್ನು ಸೇರಿದನು. ಚೀನೀ ಭಾಷೆಗೆ ಇಳಿದಿದ್ದ ಧರ್ಮಗ್ರಂಥಗಳು ಒಂದಕ್ಕೊಂದು ಹೊಂದದಿದ್ದುದನ್ನು ಕಂಡು, ಮೂಲವನ್ನು ಅದು ಹುಟ್ಟಿದ ನಾಡಿನಲ್ಲಿಯೇ ಓದಬೇಕೆಂದು ಸಂಕಲ್ಪಿಸಿದನು. ಗಡಿಯನ್ನು ದಾಟಕೂಡದೆಂದು ಆಗ ರಾಜಾಜ್ಞೆಯಿತ್ತು. ಅದನ್ನು ಮೀರಿ 629ರಲ್ಲಿ ಗುಟ್ಟಾಗಿ ಹೊರಟನು. ಮರುಭೂಮಿಯಲ್ಲಿ ನೀರಿನ ಚೀಲವು ಕೈತಪ್ಪಿ ಚೆಲ್ಲಿಹೋಗಿ, ನಾಲ್ಕು ರಾತ್ರಿ ಐದು ದಿನ ಒಂದು ಹನಿಯೂ ಇಲ್ಲದೆ ನಡೆದನೆಂದು ಶಿಷ್ಯನು ಬರೆದ ಚರಿತ್ರೆಯು ಹೇಳುತ್ತದೆ. ತುರ್ಫಾನಿನ ಅರಸನು ಭಕ್ತಿಯ ಭರದಲ್ಲಿ ಆತನನ್ನು ತನ್ನಲ್ಲಿಯೇ ನಿಲ್ಲಿಸಿಕೊಳ್ಳಲು ಹವಣಿಸಿದಾಗ, ಅನ್ನನೀರನ್ನು ತೊರೆದು ಕುಳಿತು ಬಿಡುಗಡೆಯನ್ನು ಪಡೆದನು.

ಇಷ್ಟು ಕಷ್ಟಪಟ್ಟು ಬಂದವನಿಗೆ ಪುಣ್ಯಭೂಮಿಯು ಕಂಡುದು ಹೇಗೆ? ಗಾಂಧಾರದ ವಿಹಾರಗಳು ಹಾಳುಬಿದ್ದಿದ್ದುವು. ಬುದ್ಧನು ಬೆಳೆದ ಕಪಿಲವಸ್ತುವಿನಲ್ಲಿಯೂ ಅವಶೇಷಗಳೇ ಉಳಿದಿದ್ದುವು. ಬೇರೊಬ್ಬ ಭಕ್ತನಾಗಿದ್ದರೆ ಕಣ್ಣೀರಿಟ್ಟು ಹಿಂದಿರುಗುತ್ತಿದ್ದನು. ಇಲ್ಲವೇ ಊರಿಗೆ ಮರಳಿ ಎಲ್ಲವೂ ವೈಭವದಿಂದಿದೆಯೆಂದು ವರ್ಣಿಸುತ್ತಿದ್ದನು. ಈತನಾದರೋ ಕಂಡುದನ್ನು ಕಂಡಂತೆ ಬರೆದುಕೊಂಡನು. ನಾಲಂದೆಯಲ್ಲಿ ವೃದ್ಧ ಶೀಲಭದ್ರನ ಪಾದಮೂಲದಲ್ಲಿ ಕುಳಿತು ವರುಷಗಟ್ಟಲೆ ಯೋಗಾಚಾರ ಶಾಸ್ತ್ರವನ್ನೂ ತರ್ಕವನ್ನೂ ಸಂಸ್ಕೃತ ವ್ಯಾಕರಣವನ್ನೂ ಅಭ್ಯಾಸಮಾಡಿದನು. ನುಡಿಯನ್ನು ಕಲಿಯದೆ ನಾಡನ್ನು ನೋಡಿ ಬರುವವರು ನಮ್ಮ ಕಾಲದಲ್ಲಿಯೂ ಬಹಳ. ಅವರು ಛತ್ರಗಳನ್ನು ನೋಡಿ ಬರುತ್ತಾರೆ.

ಊಟಕ್ಕೆ ಮೊದಲು ಕೈಕಾಲು ತೊಳೆಯುವ, ಉಳಿದ ಅನ್ನವನ್ನು ಮತ್ತೆ ಬಡಿಸದ ನಮ್ಮ ಶುಚಿತ್ವವನ್ನು ಆತನು ಮೆಚ್ಚಿ ಬರೆದಿದ್ದಾನೆ. ಕಟುಕರೂ ಮೀನುಗಾರರೂ ಜಾಡಮಾಲಿಗಳೂ ಊರ ಹೊರಗೆ ವಾಸಿಸಬೇಕಾಗಿತ್ತೆಂಬುದನ್ನೂ, ಅವರು ದಾರಿಯ ಎಡಮಗ್ಗುಲನ್ನೇ ಹಿಡಿದು ನಡೆಯಬೇಕಾಗಿತ್ತೆಂಬುದನ್ನೂ ಅದೇ ಲೇಖನಿಯಿಂದ ಬರೆದಿದ್ದಾನೆ. ಮೊದಲನೆಯದನ್ನು ಸಭೆಗಳಲ್ಲಿ ಹೇಳಿ ಹಿಗ್ಗುವ ನಾವು ಎರಡನೆಯದನ್ನು ಮರೆಯುತ್ತೇವೆ. ಅತಿಥಿಯು ಎರಡನ್ನೂ ಮರೆಯಲಿಲ್ಲ.

ಕಾಂಚಿಯನ್ನು ಕಂಡು ಉತ್ತರಾಭಿಮುಖವಾಗಿ, ಸುಮಾರು 641ರಲ್ಲಿ, ಆತನು ಪುಲಕೇಶಿಯ ರಾಜ್ಯವನ್ನು ಹಾದುಹೋದನು. ಗ್ರಂಥದಲ್ಲಿ ಆ ರಾಜ್ಯಕ್ಕೆ ಮಹಾರಾಷ್ಟ್ರವೆಂದು ಹೆಸರು. ಅಲ್ಲಿಯ ಜನರು ಎತ್ತರದ ಆಳುಗಳು, ಸರಳರು, ಅಭಿಮಾನಧನರು. ಉಪಕಾರವನ್ನು ಮರೆಯರು, ಅಪಕಾರವನ್ನು ಸೈರಿಸರು, ಆದರೆ ಸೇಡು ತೀರಿಸಿಕೊಳ್ಳುವ ಮೊದಲು ವೈರಿಗೆ ತಿಳಿಸುವರು, ಶರಣಾದವನನ್ನು ಕೊಲ್ಲರು ಎಂಬುದು ಆತನ ವರ್ಣನೆಯ ಸಾರ. ಸೋತು ಬಂದ ಸೇನಾಪತಿಗೆ ಅಲ್ಲಿ ಬೇರೆ ದಂಡನೆಯಿಲ್ಲ, ಹೆಂಗಸಿನ ಉಡುಗೆಯನ್ನು ಕೊಡುವರಂತೆ. ಮುಂದೆ ಹರ್ಷನು ಈ ಯಾತ್ರಿಕನನ್ನು ಕನೂಜಿನ ಮಹಾಸಭೆಯಲ್ಲಿಯೂ ಪ್ರಯಾಗದಲ್ಲಿಯೂ ಅಪಾರವಾಗಿ ಗೌರವಿಸಿದನು. ಹೀಗಿದ್ದರೂ, ಸೇನೆಯನ್ನು ತಾನೇ ನಡೆಸಿ ಹೋದ ಹರ್ಷನು ಪುಲಕೇಶಿಯನ್ನು ಗೆಲ್ಲಲಾರದೆ ಹೋದನೆಂಬುದನ್ನು ಆತನು ಮರೆಮಾಚಲಿಲ್ಲ. ಉಂಡ ಮನೆಯ ಋಣಕ್ಕಾಗಿ ಸತ್ಯವನ್ನು ತಿದ್ದದ ಇಂಥ ಸಾಕ್ಷಿಯು ಸುಲಭವಾಗಿ ಸಿಕ್ಕದು.

ತಾಯ್ನಾಡಿಗೆ ಮರಳುವ ಮಾತನ್ನೆತ್ತಿದಾಗ ನಾಲಂದೆಯ ಭಿಕ್ಷುಗಳು ತಡೆದರು. ಚೀನವು ಮ್ಲೇಚ್ಛರ ದೇಶ, ಬುದ್ಧರು ಅಲ್ಲಿ ಹುಟ್ಟುವುದಿಲ್ಲ, ಅಲ್ಲಿಗೇಕೆ ಹೋಗಬೇಕೆಂಬುದು ಅವರ ವಾದ. ವಿದ್ಯೆಯ ಶಿಖರದಲ್ಲಿದ್ದವರ ಬಾಯಿಂದ ಬಂದ ಮಾತಿದು! ಗುರುಗಳ ನಾಡನ್ನು ತಲೆಯ ಮೇಲೆ ಹೊತ್ತ ಆ ವಿನೀತ ಶಿಷ್ಯನು ಇಲ್ಲಿ ಮಾತ್ರ ತಲೆಬಾಗಲಿಲ್ಲ. ತನ್ನ ನಾಡಿನ ನ್ಯಾಯವ್ಯವಸ್ಥೆ, ಹಿರಿಯರಲ್ಲಿ ಗೌರವ, ಜ್ಯೋತಿಷ, ಸಂಗೀತ ಇವನ್ನೆಲ್ಲ ವಿವರಿಸಿ, ಧರ್ಮವು ಒಂದು ನಾಡಿನ ಗಡಿಯೊಳಗೆ ನಿಲ್ಲತಕ್ಕದ್ದಲ್ಲವೆಂದು ಉತ್ತರಕೊಟ್ಟನು. ಪರಮಾರ್ಥನಂಥವರು ಇಲ್ಲಿಂದ ಚೀನಕ್ಕೆ ಹೋಗಿ ಬಾಳು ಸವೆಸಿದ್ದರು. ಆದರೆ ಚೀನದ ಜನಜೀವನವನ್ನು ನಮಗೆ ತಿಳಿಸುವ ಇಂಥ ಗ್ರಂಥವೊಂದು ಅವರಿಂದ ನಮಗೆ ಉಳಿದುಬಂದಿಲ್ಲ. ನಾಲಂದೆಯ ಪಂಡಿತರ ಅಜ್ಞಾನಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹಿಂದಿರುಗುವಾಗ ಸಿಂಧೂನದಿಯಲ್ಲಿ ದೋಣಿಯು ಹೊಯ್ದಾಡಿ ಸುಮಾರು ಐವತ್ತು ಹಸ್ತಪ್ರತಿಗಳೂ ಹೂಗಿಡಗಳ ಬೀಜಗಳೂ ನೀರುಪಾಲಾದುವು. ಆದರೂ 645ರಲ್ಲಿ ಚಾಂಗಾನ್ ನಗರವನ್ನು ಸೇರಿದಾಗ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳಿದ್ದುವು. ಆಜ್ಞೆ ಮೀರಿದವನನ್ನು ಚಕ್ರವರ್ತಿಯೇ ಸ್ವಾಗತಿಸಿ ಅಧಿಕಾರಪದವಿಯನ್ನು ನೀಡಬಂದನು; ಭಿಕ್ಷುವು ಒಲ್ಲೆನೆಂದನು. 646ರಲ್ಲಿ ಪ್ರವಾಸಗ್ರಂಥವನ್ನು ಒಪ್ಪಿಸಿ, ಉಳಿದ ಆಯುಷ್ಯವನ್ನು ಭಾಷಾಂತರಕ್ಕೆ ಮೀಸಲಿಟ್ಟು, ಎಪ್ಪತ್ತೈದು ಗ್ರಂಥಗಳನ್ನು ಚೀನೀ ಭಾಷೆಗೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಕನಿಂಗ್‌ಹ್ಯಾಮ್ ಸಾಹೇಬನು ಅದೇ ಪ್ರವಾಸಗ್ರಂಥವನ್ನು ಕೈಯಲ್ಲಿ ಹಿಡಿದು ನಾಲಂದೆಯ ದಿಬ್ಬಗಳನ್ನು ಗುರುತಿಸಿದನು. ನಮ್ಮ ವಿದ್ಯಾಪೀಠವಿದ್ದ ಸ್ಥಳವನ್ನು ನಮಗೆ ತೋರಿಸಿಕೊಡಲು ಚೀನದವನ ಬರಹವೇ ಬೇಕಾಯಿತು.

ನಾಲಂದೆಯ ಗೆಳೆಯರೊಡನೆ ಆತನ ಪತ್ರವ್ಯವಹಾರವು ನಿಲ್ಲಲಿಲ್ಲ. 654ರಲ್ಲಿ, 664ರ ತನ್ನ ಮರಣಕ್ಕೆ ಹತ್ತು ವರುಷ ಮೊದಲು, ಮಗಧಕ್ಕೆ ಮರಳುತ್ತಿದ್ದ ದೂತಭಿಕ್ಷುವಿನ ಕೈಯಲ್ಲಿ ಓಲೆಯನ್ನು ಕಳುಹಿಸಿದನು. ಶೀಲಭದ್ರನು ಕಾಲವಾದ ಸುದ್ದಿಯನ್ನು ಕೇಳಿದ ದುಃಖವನ್ನು ಅದರಲ್ಲಿ ತೋಡಿಕೊಂಡು, ಸಿಂಧೂನದಿಯ ಪಾಲಾದ ಗ್ರಂಥಗಳ ಹೆಸರುಗಳನ್ನು ಬರೆದು, ಸಾಧ್ಯವಾದರೆ ಅವುಗಳ ಪ್ರತಿಗಳನ್ನು ಕಳುಹಿಸಿಕೊಡಬೇಕೆಂದು ಬೇಡಿಕೊಂಡಿದ್ದನು.